ಬಿಟ್ಟು ಓದಿದ ಎರಡು ವಾಕ್ಯ

ಮೂವತ್ತಾರನೆಯ ವಯಸ್ಸಿಗೆ ನಿವೃತ್ತಳಾದವಳು ನಾನು. ಶಾಲು, ಹಾರ, ಹಣ್ಣಿನ ಬುಟ್ಟಿ ಯಾವುದೂ ಇರಲಿಲ್ಲ. ಒಂಬತ್ತು ವರ್ಷ ಕನ್ನಡದ ಅತಿಥಿ ಉಪನ್ಯಾಸಕಿಯಾಗಿ ಬೆಳಗ್ಗೆ ಚಾಮರಾಜನಗರದ ಒಂದು ಕಾಲೇಜು, ಮಧ್ಯಾಹ್ನ ಗುಂಡ್ಲುಪೇಟೆಯ ಇನ್ನೊಂದು ಕಾಲೇಜು ಎಂದು ಓಡಾಡಿದೆ. ಈ ಜೂನ್ ತಿಂಗಳಲ್ಲಿ 'ಕಾರ್ಯಭಾರ ಇಲ್ಲ' ಎಂಬ ಎರಡು ಪದಗಳನ್ನು ದೂರವಾಣಿಯಲ್ಲಿ ಹೇಳಿ ಮುಗಿಸಿದರು. ಮಾರನೆಯ ದಿನ ಹೋಗಿ ನೋಡಿದರೆ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮೇಲೆ ಸ್ಕೇಲು ಇಟ್ಟು ಎಳೆದ ಕೆಂಪು ಗೆರೆಯಿತ್ತು. ಗೆರೆ ಬಹಳ ನೇರವಾಗಿತ್ತು. ಆ ಕಾಲೇಜಿನಲ್ಲಿ ನನಗಾಗಿ ಯಾರಾದರೂ ಶ್ರದ್ಧೆಯಿಂದ ಮಾಡಿದ ಏಕೈಕ ಕೆಲಸ ಅದಿರಬೇಕು.

ಒಂಬತ್ತು ವರ್ಷ ಒಬ್ಬಳನ್ನು ಅತಿಥಿಯೆಂದೇ ಕರೆದ ವ್ಯವಸ್ಥೆ ಉತ್ತರ ಕೊಡಬೇಕು. ಕೇಳುತ್ತಲೇ ಇದ್ದೇನೆ, ಕೇಳುತ್ತಲೇ ಇರುತ್ತೇನೆ. ಆದರೆ ಈ ಬರಹ ಅದಕ್ಕಲ್ಲ. ಸಿಬ್ಬಂದಿ ಕೋಣೆಯ ಬಾಗಿಲ ಹಿಂದೆ ನಾನು ಕೂರುತ್ತಿದ್ದ ಕೈಮುರಿದ ಕುರ್ಚಿಯಲ್ಲಿ ನಾಳೆ ಬಂದು ಕೂರುವವರಿಗಾಗಿ ಬರೆಯುತ್ತಿದ್ದೇನೆ. ಎಲ್ಲರಿಂದ ಲೆಕ್ಕ ಕೇಳುತ್ತಿದ್ದ ನಾನು ಒಮ್ಮೆ ತಪ್ಪು ಲೆಕ್ಕ ಕೊಟ್ಟೆ. ಅದನ್ನು ಒಪ್ಪಿಸದೆ ಮುಂದಿನ ಪ್ರಶ್ನೆ ಕೇಳುವ ಯೋಗ್ಯತೆ ನನಗಿಲ್ಲ.

ಮೊದಲನೆಯ ವರ್ಷದಲ್ಲೇ ಅದರ ಬೀಜ ಇತ್ತು. ಪದವಿ ತರಗತಿಯ ಪಠ್ಯದಲ್ಲಿ ಒಂದು ಸಣ್ಣಕಥೆ. ದೂರದೂರಿನ ಕೆಲಸಕ್ಕೆ ಕರೆದು ಮಗನಿಗೆ ಬಂದ ಕಾಗದವನ್ನು ತಾಯಿ ರಾಗಿಯ ಗುಡಾಣದೊಳಗೆ ಹುದುಗಿಸಿಡುತ್ತಾಳೆ. ಗಡುವು ಮುಗಿದ ಮೇಲೆ, ಏನೂ ಅರಿಯದವಳಂತೆ, ಅದೇ ಗುಡಾಣದ ರಾಗಿ ಬೀಸಿ ಮುದ್ದೆ ಕಟ್ಟಿ ಬಡಿಸುತ್ತಾಳೆ. ಮಗನಿಗೆ ಗೊತ್ತಾಗಿದೆ, ಆದರೂ ಉಣ್ಣುತ್ತಾನೆ. ಈ ಕಥೆಯ ಮೇಲೆ ಪರೀಕ್ಷೆಯಲ್ಲಿ ಪ್ರಶ್ನೆ ಬಂತು. ನನ್ನ ಪಾಲಿಗೆ ಬಂದ ಉತ್ತರಪತ್ರಿಕೆಗಳಲ್ಲೆಲ್ಲ ಒಂದೇ ಉತ್ತರ: ತಾಯಿಯೇ ದೇವರು, ತಾಯಿ ತ್ಯಾಗಮಯಿ, ಆದುದರಿಂದ ಮಾತೃವಾತ್ಸಲ್ಯಕ್ಕೆ ಎಣೆಯಿಲ್ಲ. ಬಸ್ ನಿಲ್ದಾಣದ ಅಂಗಡಿಯಲ್ಲಿ ಸಿಗುವ ಗೈಡಿನ ಐದು ಅಂಶಗಳು, ಅದೇ ಕ್ರಮದಲ್ಲಿ. ಕಾಗದ ಬಚ್ಚಿಟ್ಟ ಕೈಯನ್ನು ಯಾರೂ ನೋಡಿರಲಿಲ್ಲ.

ಒಂದು ಪತ್ರಿಕೆಯಲ್ಲಿ ಮಾತ್ರ ಎರಡೇ ಸಾಲು ಇತ್ತು. 'ಆ ತಾಯಿ ಮಾಡಿದ್ದು ತಪ್ಪು. ಆದರೆ ಆ ಮುದ್ದೆಯನ್ನು ನಾನೂ ಉಣ್ಣುತ್ತಿದ್ದೆ.' ಪೂರ್ಣ ಅಂಕ ಕೊಟ್ಟೆ.

ವಿಭಾಗದ ಮುಖ್ಯಸ್ಥರಾಗಿದ್ದ ಪುಟ್ಟಸ್ವಾಮಿ ಮೇಷ್ಟ್ರು ನನ್ನನ್ನು ಕರೆದರು. ಕನ್ನಡಕವನ್ನು ಹಣೆಗೇರಿಸಿ, ಪತ್ರಿಕೆಯನ್ನು ಬೆಳಕಿಗೆ ಹಿಡಿದು, "ಏನಮ್ಮಾ, ತಾಯಿ ಮೇಲೆ ಎಫ್‌ಐಆರ್ ಹಾಕಿದ್ದಾನೆ ಇವನು, ನೀನು ಸಹಿ ಮಾಡಿ ಮೊಹರು ಒತ್ತಿದ್ದೀಯ" ಎಂದರು.

"ಕಥೆ ಅರ್ಥವಾಗಿರೋದು ಇವರೊಬ್ಬರಿಗೇ ಸಾರ್."

"ಕಥೆ ಅರ್ಥ ಆಗೋದಕ್ಕೆ ಅಂಕ ಇಲ್ಲಮ್ಮ. ಐದು ಅಂಶಕ್ಕೆ ಅಂಕ. ನಾಳೆ ಮರುಮೌಲ್ಯಮಾಪನಕ್ಕೆ ಹೋದರೆ ಮಾದರಿ ಉತ್ತರ ತೋರಿಸಬೇಕಾದೋನು ನಾನು."

ಅಂಕ ಎರಡಕ್ಕಿಳಿಯಿತು. ಆ ತಿದ್ದುಪಡಿಯ ಪಕ್ಕ ಸಹಿ ಹಾಕಿದವಳು ನಾನೇ. ಮೂರು ದಿನ ನಿದ್ದೆಗೆಟ್ಟು, ನಾಲ್ಕನೆಯ ದಿನ ತರಗತಿಗೆ ಹೋಗಿ ಗೈಡನ್ನು ಬೈದೆ. ಹೊಸಬರೇ, ಗೈಡನ್ನು ಬೈಯುವುದು ಸುಲಭ. ಅದು ಸಹಿ ಕೇಳುವುದಿಲ್ಲ.

ಆಮೇಲೆ ನನ್ನ ಪಾಠಕ್ರಮ ಬದಲಾಯಿತು. ಟಿಪ್ಪಣಿ ಬರೆಸುವುದನ್ನು ನಿಲ್ಲಿಸಿದೆ. ಅಷ್ಟರಲ್ಲಿ ವಿದ್ಯಾರ್ಥಿಗಳೂ ಬರೆದುಕೊಳ್ಳುವುದನ್ನು ನಿಲ್ಲಿಸಿ ಕಪ್ಪುಹಲಗೆಯ ಫೋಟೊ ತೆಗೆಯತೊಡಗಿದ್ದರು, ನಾನು ಅಡ್ಡ ಬಂದರೆ "ಮಿಸ್, ಸ್ವಲ್ಪ ಸರ್ಕೊಳಿ" ಎನ್ನುತ್ತಿದ್ದರು. ಕಥೆಯ ತಾಯಂದಿರನ್ನು ಓದುವ ಮುಂಚೆ ಪ್ರತಿಯೊಬ್ಬರೂ ತಮ್ಮ ತಾಯಿಯ ಬಗ್ಗೆ ಒಂದು ಪುಟ ಬರೆದು ತರಬೇಕೆಂದು ಕಟ್ಟುಮಾಡಿದೆ. ದೇವರು, ತ್ಯಾಗ, ಕರುಣೆ ಎಂಬ ಮೂರು ಪದಗಳನ್ನು ಬಳಸಕೂಡದು. ಗುಂಡ್ಲುಪೇಟೆಯ ತರಗತಿಯಲ್ಲೂ ಇದನ್ನೇ ಹೇಳಿದೆ. ಚೆಂಡುಹೂವಿನ ಕೊಯ್ಲಿನ ಕಾಲ, ಅರ್ಧ ಬೆಂಚು ಖಾಲಿ, ಬಂದವರ ಉಗುರುಗಳಲ್ಲೂ ಹೂವಿನ ತೊಟ್ಟಿನ ಹಸಿರು ಕಲೆ.

"ಅಂಗಾರೆ ಇನ್ನೇನ್ ಬರಿಯಾದು ಮಿಸ್? ಪುಟ ಮುಗುದೋಯ್ತಲ್ಲ!" ಎಂದು ಹಿಂದಿನ ಬೆಂಚಿನಿಂದ ಒಂದು ದನಿ.

ವಯನಾಡಿನ ಕಡೆಯ ತಾಯಿಯಿದ್ದ ಒಬ್ಬ ವಿದ್ಯಾರ್ಥಿನಿ ಗಂಭೀರವಾಗಿ ಎದ್ದು ನಿಂತಳು. "ಮಿಸ್, ನಮ್ಮಮ್ಮ ಬೈಯೋದು ಮಲಯಾಳದಲ್ಲಿ. ಕನ್ನಡದಲ್ಲಿ ಬರೆದರೆ ಬೈದಂಗೇ ಆಗಲ್ಲ."

"ನಿಮ್ಮಮ್ಮನ್ನ ಇಲ್ಲಿಗೇ ಕಳ್ಸಮ್ಮಿ, ನೇರ ಕೇಳ್ಕತೀವಿ" ಎಂದು ಇನ್ನೊಬ್ಬಳು. ತರಗತಿ ನಕ್ಕಿತು. ನಾನೂ ನಕ್ಕೆ. ತೆರಕಣಾಂಬಿ ದಾರಿಯ ಬಸ್ಸಿನಲ್ಲಿ ನಿಂತೇ ಓಡಾಡುತ್ತ ಆ ಪುಟಗಳನ್ನು ಓದುತ್ತಿದ್ದ ದಿನಗಳು ನನ್ನ ವೃತ್ತಿಯ ಅತ್ಯಂತ ಸೊಕ್ಕಿನ ದಿನಗಳು. ಸಾಹಿತ್ಯಕ್ಕೆ ಸತ್ಯವನ್ನು ಮರಳಿ ತರುತ್ತಿದ್ದೇನೆ ಎಂದುಕೊಂಡಿದ್ದೆ. ಆ ಪುಟಗಳಲ್ಲಿದ್ದವರು ಬದುಕಿರುವ ಹೆಂಗಸರು, ಸಂಜೆ ಅದೇ ಮಕ್ಕಳಿಗೆ ಉಣಬಡಿಸುವವರು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಚೈತ್ರಳ ಪುಟ ಬಂದದ್ದು ಆರನೆಯ ವರ್ಷ. ಚಾಮರಾಜನಗರದ ಕಾಲೇಜಿನಲ್ಲಿ ಎರಡನೆಯ ವರ್ಷದ ಬಿ.ಎ., ಊರು ಉಮ್ಮತ್ತೂರು. ತಾಯಿ ಮಾದೇವಮ್ಮ ಕೂಲಿ ಮಾಡುವವರು, ಹೆಚ್ಚಾಗಿ ಅರಿಶಿನದ ಹೊಲಗಳಲ್ಲಿ. ತರಗತಿಯಲ್ಲಿ ಮಾತನಾಡದ ಹುಡುಗಿ. ಪುಟದಲ್ಲಿ ಹೀಗಿತ್ತು:

'ನನಗೆ ನಾಲ್ಕು ವರ್ಷ. ಹಳೆಯ ಸೀರೆಯ ಹಸಿರು ತುಂಡಿನಿಂದ ಅವ್ವ ನನ್ನನ್ನು ಜಗಲಿಯ ಕಂಬಕ್ಕೆ ಕಟ್ಟುತ್ತಿದ್ದಳು. ಗಂಟು ಬೆನ್ನ ಹಿಂದೆ ಇರುತ್ತಿತ್ತು, ನನ್ನ ಕೈಗೆ ಸಿಗುತ್ತಿರಲಿಲ್ಲ. ಒಂದು ಲೋಟ ನೀರು, ಒಂದು ಹಿಡಿ ಪುರಿ ಕೈಗೆಟುಕುವ ದೂರದಲ್ಲಿ. ಅವಳು ಹೊಲಕ್ಕೆ ಹೊರಟಾಗ ನಾನು ಕೂಗುತ್ತಿದ್ದೆ. ಅವಳಿಗೆ ಕೇಳಿಸುತ್ತಿತ್ತು. ಅವಳು ತಿರುಗಿ ನೋಡುತ್ತಿರಲಿಲ್ಲ. ಇವತ್ತಿಗೂ ಯಾರಾದರೂ ಬೆನ್ನು ತಿರುಗಿಸಿ ಹೊರಟರೆ ನಾನು ಕೂಗುವುದಿಲ್ಲ.'

ಕಾಲೇಜಿನ ವಾರ್ಷಿಕ ಸಂಚಿಕೆಯ ಹೊಣೆ ಆ ವರ್ಷ ನನ್ನದು. ಪುಟವನ್ನು ಹಾಗೆಯೇ ಹಾಕಿದೆ. ಕರಡು ತಿದ್ದುತ್ತಿದ್ದ ಪುಟ್ಟಸ್ವಾಮಿ ಮೇಷ್ಟ್ರ ಪೆನ್ನು ನಡುವೆ ನಿಂತಿತು. "ಕೇಳಿಸುತ್ತಿತ್ತು, ತಿರುಗಿ ನೋಡುತ್ತಿರಲಿಲ್ಲ. ಈ ಎರಡು ವಾಕ್ಯ ತೆಗಿಯಮ್ಮ. ಉಳಿದದ್ದು ಇರಲಿ, ಬಡತನ ಅಂತ ಓದಿಕೊಳ್ತಾರೆ. ಇವೆರಡಿದ್ದರೆ ಬೇರೆ ಏನೋ ಆಗುತ್ತೆ."

"ಆ ಬೇರೆ ಏನೋ ಇದೆಯಲ್ಲ ಸಾರ್, ಅದೇ ಸಾಹಿತ್ಯ. ಅದನ್ನು ತೆಗೆದರೆ ಸಂಚಿಕೆಯಿಂದ ನನ್ನ ಹೆಸರನ್ನೂ ತೆಗೀರಿ."

ಅವರು ಪೆನ್ನು ಮುಚ್ಚಿದರು. ಗೆದ್ದೆನೆಂದು ಬೀಗಿದೆ. ಹುಡುಗಿಯನ್ನು ಕರೆದು, "ಅಚ್ಚಿಗೆ ಹೋಗುತ್ತೆ, ಒಪ್ಪಿಗೆ ತಾನೇ?" ಎಂದು ಕೇಳಿದ್ದೆ ನಿಜ. ಅಂಕ ಕೊಡುವ ಉಪನ್ಯಾಸಕಿಯ ಮುಂದೆ ಹತ್ತೊಂಬತ್ತರ ಹುಡುಗಿ ತಲೆಯಾಡಿಸುವುದು ಒಪ್ಪಿಗೆಯಲ್ಲ. ತಾಯಿಯನ್ನಂತೂ ಕೇಳಲೇ ಇಲ್ಲ. ಹೆಸರು, ಊರು ಎರಡನ್ನೂ ಅಚ್ಚು ಹಾಕಿಸಿದೆ.

ಸಂಚಿಕೆ ಉಮ್ಮತ್ತೂರಿಗೆ ಹೋಗಲು ಒಂದು ವಾರ ಸಾಕಾಯಿತು. ಬಸ್ಸು ಕಾಯುವ ಕಟ್ಟೆಯಲ್ಲಿ ಯಾರೋ ಗಟ್ಟಿಯಾಗಿ ಓದಿದರು. ಹೊಲದಲ್ಲಿ ಜೊತೆಯ ಹೆಂಗಸರು, "ಏನ್ ಮಾದೇವಮ್ಮಿ, ಕಾಲೇಜ್ ಬುಕ್ಕಲ್ಲಿ ಬಂದ್ಬುಟ್ಟಲ್ಲ, ನಮ್ಗೂ ಒಂದ್ ಕಂಬ ಕೊಡುಸು" ಎಂದರಂತೆ. ಚೈತ್ರ ಕಾಲೇಜಿಗೆ ಬರುವುದನ್ನು ನಿಲ್ಲಿಸಿದಳು. ಪರೀಕ್ಷೆಗೆ ಮೂರು ವಾರವಿತ್ತು. ನನ್ನ ಫೋನಿಗೆ ಒಂದು ಸಂದೇಶ ಬಂತು: 'ಮಿಸ್, ಅವ್ವ ಇನ್ನು ಕಾಲೇಜು ಬೇಡ ಅಂತ ಹಾಲ್‌ಟಿಕೆಟ್ ಎತ್ತಿಟ್ಟುಕೊಂಡಿದೆ. ನಾಳೆ ನಿಮ್ಮ ಹತ್ರ ಬತ್ತದೆ. ಓದಿಸಿ ಕೇಳ್ತದಂತೆ. ಆ ಎರಡು ವಾಕ್ಯ ಮಾತ್ರ ಓದಬೇಡಿ ಮಿಸ್. ಕಾಲಿಗೆ ಬೀಳ್ತೀನಿ.'

ಗುಡಾಣದಲ್ಲಿ ಹುದುಗಿದ ಕಾಗದದ ಕಥೆ ನನ್ನೆದುರು ಎದ್ದು ಬಂದು ನಿಂತಿತ್ತು. ಆ ರಾತ್ರಿ ನಾನು ಯಾವ ವಿಮರ್ಶೆಯ ಪುಸ್ತಕವನ್ನೂ ತೆರೆಯಲಿಲ್ಲ.

ಮಾದೇವಮ್ಮ ಬೆಳಗಿನ ಎರಡನೆಯ ತರಗತಿ ಮುಗಿಯುವ ಹೊತ್ತಿಗೆ ಬಂದರು. ಒಗೆದು ಮಡಿಸಿಟ್ಟಿದ್ದ ಸೀರೆ, ಮೊಣಕೈವರೆಗೂ ಅರಿಶಿನ ಹಿಡಿದ ಕೈಗಳು. ಪುಟ್ಟಸ್ವಾಮಿ ಮೇಷ್ಟ್ರು ತಮ್ಮ ಮೇಜಿನಿಂದ ಏಳದೆ ದಿನಪತ್ರಿಕೆ ಓದುವವರಂತೆ ಕುಳಿತಿದ್ದರು. ನಾನು ಕುರ್ಚಿ ಎಳೆದುಕೊಟ್ಟೆ.

"ಬ್ಯಾಡ ಕಣಿ, ನಿಂತೇ ಕೇಳ್ತೀನಿ. ನಂಗ ಓದಾಕ ಬರಾದಿಲ್ಲ ಮೇಡಮ್ಮೋರೆ. ನನ್ ಮಗ ನನ್ ಮ್ಯಾಲ ಏನ್ ಬರ್ದದೆ, ಓದಿ ಏಳಿ."

ಆ ಕಡೆ ಹೆಣ್ಣುಮಕ್ಕಳನ್ನೂ ಪ್ರೀತಿಯಿಂದ 'ಮಗ' ಎನ್ನುತ್ತಾರೆ. ಅಷ್ಟು ಸಿಟ್ಟಿನಲ್ಲೂ ಅವರ ಬಾಯಿಗೆ ಬಂದದ್ದು ಅದೇ ಪದ.

ಓದಿದೆ. ಹಸಿರು ತುಂಡು, ಗಂಟು, ನೀರಿನ ಲೋಟ, ಪುರಿ. 'ಅವಳು ಹೊಲಕ್ಕೆ ಹೊರಟಾಗ ನಾನು ಕೂಗುತ್ತಿದ್ದೆ.' ಅಲ್ಲಿಂದ ಕಣ್ಣು ಎರಡು ವಾಕ್ಯಗಳನ್ನು ದಾಟಿತು. 'ಇವತ್ತಿಗೂ ಯಾರಾದರೂ ಬೆನ್ನು ತಿರುಗಿಸಿ ಹೊರಟರೆ ನಾನು ಕೂಗುವುದಿಲ್ಲ' ಎಂದು ಮುಗಿಸಿದೆ. ದನಿ ನಡುಗಲಿಲ್ಲ. ಪಾಠ ಮಾಡಿದ ಗಂಟಲು, ಅದಕ್ಕೆ ಅಭ್ಯಾಸವಿತ್ತು.

ಮಾದೇವಮ್ಮ, "ಎರಡ್ ಮಾತ ಬುಟ್ಬುಟ್ರಿ" ಎಂದರು.

ಮೇಷ್ಟ್ರ ಕೈಯ ಪತ್ರಿಕೆ ಅಲುಗಾಡದೆ ನಿಂತಿತು.

"ಪಕ್ಕದ್ ಮನ ಐಸ್ಕೂಲ್ ಉಡ್ಗಿ ಕೈಲಿ ನಾಕ್ ಸಲ ಓದ್ಸಿವ್ನಿ. ನಂಗ ಬಾಯ್ಗೇ ಬತ್ತದೆ. ಅವಳ್ಗ ಕೇಳುಸ್ತಿತ್ತು, ಅವಳು ತಿರುಗ್ ನೋಡ್ತಿರ್ನಿಲ್ಲ. ಅದ ಯಾಕ ನುಂಗುದ್ರಿ?"

ಹುಡುಗಿಯ ಸಂದೇಶವನ್ನು ಮುಂದೊಡ್ಡಿ ತಪ್ಪಿಸಿಕೊಳ್ಳಬಹುದಿತ್ತು, ಅದೊಂದನ್ನು ಮಾಡಲಿಲ್ಲ. ಅದಕ್ಕಿಂತ ಹೀನವಾದದ್ದನ್ನು ಮಾಡಿದೆ. ಚೈತ್ರಳ ಇನ್ನೊಂದು ಬರಹದಲ್ಲಿ ಓದಿದ್ದ ಬಾವಿಯಿಂದ ನೆವ ಹುಡುಕಿಕೊಟ್ಟೆ. "ಮನೆ ಹಿಂದೆ ಬಾವಿ ಇತ್ತಂತಲ್ಲ ಮಾದೇವಮ್ಮ. ಮಗು ಬಿದ್ದೀತು ಅನ್ನೋ ಭಯಕ್ಕೆ ತಾನೇ ಕಟ್ಟಿದ್ದು?"

"ಬಾವಿ ಎಲ್ಲಾರ್ ಮನ ಹಿಂದ್ಲೂ ಇತ್ತು. ಎಲ್ಲಾರೂ ಮಕ್ಕಳ ಕಟ್ಟಾಕ್ನಿಲ್ಲ" ಎಂದರು ಅವರು. "ಬುಟ್ಟೋಗಾಕ ಜನ ಇಲ್ದೆ ಇದ್ದೋಳು ನಾನು. ಆದ್ರ ತಪ್ಪು ತಪ್ಪೇಯ. ನೀವು ಮೇಷ್ಟ್ರು. ತಪ್ಪು ಅಂದ್ರ ತಪ್ಪು ಅನ್ನಿ, ನಾನೇನ್ ಸಾಯಾದಿಲ್ಲ. ಊರೋರು ನಗ್ತಾರೆ, ಅದ ತಡ್ಕತೀನಿ. ಓದ್ದೋರು ನನ್ ಮುಂದ ನಿಂತು, ಇವಳ್ಗ ತಡಿಯಾಕಾಗಲ್ಲ ಅಂದ್ಕಂಡು ಮಾತ ನುಂಗುದ್ರಲ್ಲ, ಅದ ಎಂಗ್ ತಡಿಯಾದು? ಅದ್ಕ ಬಂದಿವ್ನಿ, ನೀವ್ ಪೂರ್ತಿ ಓದೀರೋ ಇಲ್ವೋ ಅಂತ."

"ತಪ್ಪಾಯ್ತು" ಎಂದೆ. ಪುಟವನ್ನು ಮೊದಲಿನಿಂದ ಓದಿದೆ, ಈ ಸಲ ಒಂದೂ ಬಿಡದೆ. ಆ ಎರಡು ವಾಕ್ಯ ಬಂದಾಗ ಮಾದೇವಮ್ಮ ತಲೆ ಆಡಿಸಿದರು, ಅಂಗಡಿಯಲ್ಲಿ ತೂಕ ಸರಿಬಂದಾಗ ಆಡಿಸುವ ಹಾಗೆ.

ಕುಪ್ಪಸದೊಳಗಿನಿಂದ ಮಡಿಸಿದ ಹಾಲ್‌ಟಿಕೆಟ್ಟನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಅದರ ಅಂಚಿಗೂ ಅರಿಶಿನ ಹತ್ತಿತ್ತು. "ಪರೀಕ್ಸ ಬರೀಲಿ. ಆದ್ರ ನಂದೂ ಒಂದ್ ಮಾತದೆ. ಬರ್ಕಳಿ. ಮುಂದಿನ್ ವರ್ಸದ ಬುಕ್ಕಲ್ಲಿ ಆಕ್ಸಿ. ಅಲ್ಲೀಗಂಟ ಅವಳ್ಗ ಏಳ್ಬ್ಯಾಡಿ. ನಾನ್ ಎಂಗ ಅಚ್ಚಲ್ಲಿ ಕೇಳುದ್ನೋ ಅಂಗ ಅವಳೂ ಅಚ್ಚಲ್ಲೇ ಓದ್ಲಿ."

ನಿಂತುಕೊಂಡೇ ಹೇಳಿದರು. ನಾನು ಬರೆದುಕೊಂಡೆ. ಅರ್ಧ ಪುಟ. ಓದಿ ಹೇಳಿಸಿಕೊಂಡು, ಒಂದು ಕಡೆ ತಿದ್ದಿಸಿ, ಹೆಬ್ಬೆಟ್ಟು ಒತ್ತಲೇ ಎಂದು ಕೇಳಿದರು. ಬೇಡವೆಂದೆ. "ಒತ್ತುದ್ರೇ ಗಟ್ಟಿ" ಎಂದು ಒತ್ತಿಯೇ ಹೋದರು.

ಅವರು ಕಣ್ಮರೆಯಾದ ಮೇಲೆ ಪುಟ್ಟಸ್ವಾಮಿ ಮೇಷ್ಟ್ರು ಪತ್ರಿಕೆ ಮಡಿಸಿದರು. "ನಾನು ಅದನ್ನ ತೆಗಿ ಅಂದದ್ದು ಅಂಜಿಕೆಯಿಂದ, ಒಪ್ಪುತ್ತೇನೆ. ನೀನು ಯಾಕಮ್ಮ ತೆಗೆದೆ?" ಎಂದರು. ವ್ಯಂಗ್ಯವಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ್ದರು. ಕರುಣೆಯಿಂದ ಎಂದು ಹೇಳಹೊರಟವಳು ನಿಲ್ಲಿಸಿದೆ. ಅದು ನನ್ನ ತರಗತಿಯಲ್ಲಿ ನಿಷೇಧಿಸಿದ್ದ ಪದ.

ಚೈತ್ರ ಪರೀಕ್ಷೆ ಬರೆದಳು. ಇನ್ನೊಂದು ತಪ್ಪು ಉಳಿದಿದೆ. ಮರುವರ್ಷ ಮೇಷ್ಟ್ರು ನಿವೃತ್ತರಾದರು, ಅವರಿಗೆ ಶಾಲು ಹೊದಿಸಲಾಯಿತು. ಹೊಸ ಸಮಿತಿ ಸಂಚಿಕೆಯನ್ನು ಮೊಬೈಲಿನಲ್ಲಿ ನೋಡುವ ಚಿತ್ರಮಾಲೆಯಾಗಿ ಬದಲಾಯಿಸಿತು: ಗಿಡ ನೆಟ್ಟದ್ದು, ಗಣ್ಯರು ದೀಪ ಬೆಳಗಿದ್ದು. ಮಾದೇವಮ್ಮನವರ ಅರ್ಧ ಪುಟವನ್ನು ಒಯ್ದು ಕೊಟ್ಟೆ. ಓದಿದವರು, "ಇದು ಯಾವ ಪ್ರಕಾರಕ್ಕೂ ಸೇರೋಲ್ಲ ಮೇಡಂ, ವಿದ್ಯಾರ್ಥಿ ಬರೆದದ್ದೂ ಅಲ್ಲ" ಎಂದು ಹಿಂದಿರುಗಿಸಿದರು. ಹೆಸರು ತೆಗೀರಿ ಎಂದು ಗುಡುಗಿದ್ದ ನಾನು ಆ ವರ್ಷ ಜಗಳವಾಡಲಿಲ್ಲ. ಅತಿಥಿ ಉಪನ್ಯಾಸಕರ ಮುಂದುವರಿಕೆಯ ಪಟ್ಟಿ ಇನ್ನೂ ಹೊರಬಿದ್ದಿರಲಿಲ್ಲ. ಅದು ಆ ಸಮಿತಿಯವರ ಮೇಜಿನ ಮೇಲೆಯೇ ಇತ್ತು. ಕಾಗದವನ್ನು ತಂದು ನನ್ನ ಪುಸ್ತಕಗಳ ನಡುವೆ ಇಟ್ಟೆ. ಗುಡಾಣವಿಲ್ಲದ ಮನೆ, ಅಷ್ಟೇ ವ್ಯತ್ಯಾಸ. ನಂತರದ ವರ್ಷಗಳಲ್ಲಿ ಆ ಕಥೆಯ ತಾಯಿಯ ಬಗ್ಗೆ ಪಾಠ ಮಾಡುವಾಗಲೆಲ್ಲ ಕಿಟಕಿಯ ಕಡೆ ತಿರುಗಿಕೊಳ್ಳುತ್ತಿದ್ದೆ. ಉಮ್ಮತ್ತೂರಿನತ್ತ ಹೋಗುವ ಸಂತೆಮರಹಳ್ಳಿ ದಾರಿಯ ಬಸ್ಸಿನಲ್ಲಿ ಹಳದಿ ಕೈಯ ಹೆಂಗಸು ಯಾರಾದರೂ ಹತ್ತಿದರೆ ಮುಂದಿನ ನಿಲ್ದಾಣದಲ್ಲಿ ಇಳಿದುಬಿಡೋಣ ಅನ್ನಿಸುತ್ತಿತ್ತು.

ಕೆಂಪು ಗೆರೆ ಬಿದ್ದ ಮೇಲೆ ಇನ್ನು ಹೆದರಲು ಏನೂ ಉಳಿಯಲಿಲ್ಲ. ಈ ಬರಹವನ್ನು ಇಲ್ಲಿಯವರೆಗೆ ಬರೆದು, ಅಚ್ಚಿಗೆ ಕೊಡುವ ಮುನ್ನ, ಮಾಡಬೇಕಾಗಿದ್ದ ಕೆಲಸವನ್ನು ತಡವಾಗಿ ಮಾಡಿದೆ. ಕಳೆದ ಭಾನುವಾರ ಬೆಳಗ್ಗೆ ಉಮ್ಮತ್ತೂರಿಗೆ ಹೋದೆ. ಮನೆಗೆ ತಾರಸಿ ಬಂದಿದೆ, ಜಗಲಿಯ ಕಂಬ ಹಿತ್ತಲಿನ ಕೊಟ್ಟಿಗೆಗೆ ಆಸರೆಯಾಗಿ ನಿಂತಿದೆ. ಮಾದೇವಮ್ಮ ನೆಲದ ಮೇಲೆ ಕೂತು ಅರಿಶಿನದ ಗೆಡ್ಡೆಗಳಿಂದ ಬೇರು ಬಿಡಿಸುತ್ತಿದ್ದರು. ಎಂ.ಎ. ಮುಗಿಸಿರುವ ಚೈತ್ರ ಈಗ ಅತಿಥಿ ಉಪನ್ಯಾಸಕಿಯ ಕೆಲಸಕ್ಕೇ ಅರ್ಜಿ ಹಾಕಿದ್ದಾಳೆ. ಬೇಡವೆನ್ನುವ ಹಕ್ಕು ನನಗಿಲ್ಲ.

"ಏನ್ ಮೇಡಮ್ಮೋರೆ, ಈಗ ದಾರಿ ಗೊತ್ತಾಯ್ತಾ? ನನ್ ಮಾತು ಎಲ್ಲೋಯ್ತು, ಬುಕ್ಕು ಎಲ್ಲೋಯ್ತು?" ಎಂದರು ಮಾದೇವಮ್ಮ.

"ತಂದಿದ್ದೀನಿ ಮಾದೇವಮ್ಮ. ಇದರೊಳಗೇ ಸೇರಿಸಿದ್ದೀನಿ. ನೀವು ಸರಿ ಅಂದರೆ ಮಾತ್ರ ಅಚ್ಚಿಗೆ. ಊರಿನ ಹೆಸರು, ನಿಮ್ಮ ಹೆಸರು ಬೇಡ ಅಂದರೆ ಬದಲಾಯಿಸ್ತೀನಿ."

"ಎಸ್ರು ಇರ್ಲಿ. ಒಂದ್ ಸಲ ಬಂದಾಯ್ತಲ್ಲ, ಇನ್ಯಾಕ ನಾಚ್ಕ. ಓದಿ. ಬ್ಯಾಡ, ನೀವ್ ಓದ್ಬ್ಯಾಡಿ" ಎಂದು ನಕ್ಕರು. "ನಿಮ್ಮ ನಂಬಾಕಾಗಲ್ಲ. ಅವಳು ಓದ್ಲಿ."

ಚೈತ್ರ ಓದಿದಳು. ಎಫ್‌ಐಆರ್ ಬಂದಾಗ ನಕ್ಕಳು. ತಾನು ಕಳಿಸಿದ ಸಂದೇಶ ಬಂದಾಗ ತಾಯಿಯತ್ತ ನೋಡಲಿಲ್ಲ, ತಾಯಿ "ಗೊತ್ತಿತ್ತು ಬುಡು" ಎಂದರು. ಕೊನೆಯಲ್ಲಿ ಹೆಬ್ಬೆಟ್ಟಿನ ಗುರುತಿದ್ದ ಆ ಅರ್ಧ ಪುಟ ಬಂತು. ಅವಳು ಅದನ್ನು ಕಂಡದ್ದು ಅದೇ ಮೊದಲು.

'ನಾನು ಮಾದೇವಮ್ಮ ಏಳಿ ಬರ್ಸುದ್ದು. ಕಟ್ಟಿದ್ದು ದಿಟ. ಕೂಗುದ್ದು ಕೇಳುಸ್ತಿದ್ದುದ್ದೂ ದಿಟ. ತಿರುಗ್ನಿಲ್ಲ. ಸಂಜ ಬಂದು ಗಂಟ ಬಿಚ್ಚುದ್ರ ಮೊದ್ಲು ನನ್ ಕೈಯ ಕಚ್ಚೋಳು. ದಿನಾ ಕಚ್ಚೋಳು. ಬುಡುಸ್ಕಂಡ್ರ ಎಚ್ಚಾಗಿ ಅಳೋಳು. ಅದ್ಕ ಬಿಚ್ಚಾಕ ಮುಂಚೇನೆ ಎಡಗೈಯ ಅವಳ್ ಬಾಯ್ಗ ಕೊಟ್ಟು, ಬಲಗೈಲಿ ಬಿಚ್ತಿದ್ನಿ. ಅವಳಾಗಿ ಬುಡಗಂಟ ಕೂತಿರ್ತಿದ್ನಿ. ಇದ ಅವಳು ಬರ್ದಿಲ್ಲ. ನೆಪ್ಪಿಲ್ವೋ, ಬ್ಯಾಡ ಅಂತ ಬುಟ್ಟಳೋ.'

ಚೈತ್ರ ಹಾಳೆಯನ್ನು ಕೆಳಗಿಳಿಸಿದಳು. "ಅವ್ವಾ, ನಾ ಕಚ್ತಿದ್ನಾ?"

"ಊಂ ಕಣಮ್ಮಿ."

"ಇಷ್ಟ್ ವರ್ಸ ಯಾಕ ಏಳ್ನಿಲ್ಲ?"

"ನೀ ಕೇಳ್ನಿಲ್ಲ." ಬೇರು ಬಿಡಿಸುತ್ತಿದ್ದ ಕುಡುಗೋಲಿನ ತುದಿ ನನ್ನತ್ತ ತಿರುಗಿತು. "ಇವ್ರೂ ಕೇಳ್ನಿಲ್ಲ."

ಹುಡುಗಿ ತಾಯಿಯ ಎಡಗೈಯನ್ನು ಎಳೆದು ಬಾಗಿಲಿನ ಬೆಳಕಿಗೆ ಹಿಡಿದಳು. ಹೆಬ್ಬೆರಳಿನ ಬುಡವನ್ನು ತನ್ನ ದುಪಟ್ಟಾದಿಂದ ಒರೆಸಿದಳು, ಉಗುಳು ಹಚ್ಚಿ ಮತ್ತೆ ಒರೆಸಿದಳು. ಅರಿಶಿನ ಹೋಗಲಿಲ್ಲ, ಅದರಡಿ ಕಚ್ಚಿದ ಗುರುತು ಇದೆಯೋ ಇಲ್ಲವೋ ನನಗೆ ಕಾಣಲಿಲ್ಲ. ಮಾದೇವಮ್ಮ ಕೈ ಬಿಡಿಸಿಕೊಳ್ಳಲಿಲ್ಲ, ಕೊಟ್ಟು ಕೂತಿದ್ದರು.

"ಓದಮ್ಮಿ, ಓದು" ಎಂದರು ಸ್ವಲ್ಪ ಹೊತ್ತಾದ ಮೇಲೆ. "ಇನ್ನೂ ಏನಾರ ಬುಟ್ಟವ್ರಾ ನೋಡು."